ವಿಮಾನವೂ ಒಂದು ದಾಖಲೆ: ಬೆಂಗಳೂರಿನ ವಿಮಾನ ವಸ್ತುಸಂಗ್ರಹಾಲಯ

ಇತಿಹಾಸದ ಆಧಾರಗಳೆಂದೊಡನೆ ಶಾಸನ, ನಾಣ್ಯ, ಓಲೆಗರಿಗಳು ನಮ್ಮ ನೆನಪಿಗೆ ಬರುತ್ತವೆ. ಹಾರಾಟವನ್ನು ಮುಗಿಸಿ ನೆಲದ ಮೇಲೆ ನಿಂತಿರುವ ವಿಮಾನವೂ ಅಂತಹುದೇ ಒಂದು ಆಧಾರವೆಂದು ನಾವು ಸಾಮಾನ್ಯವಾಗಿ ಭಾವಿಸುವುದಿಲ್ಲ. ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ೨೦೦೧ರಲ್ಲಿ ತೆರೆದ ವಸ್ತುಸಂಗ್ರಹಾಲಯವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಸಂಗ್ರಹದ ಹಿನ್ನೆಲೆ ಮೈಸೂರು ಸಂಸ್ಥಾನದ ಕಾಲದ್ದು. ೧೯೪೦ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಮಹಾಯುದ್ಧದ ವರ್ಷಗಳಲ್ಲಿ ಅಲ್ಲಿ ನಡೆದುದು ಮುಖ್ಯವಾಗಿ ಪರದೇಶದ ವಿಮಾನಗಳ ಜೋಡಣೆ ಮತ್ತು ದುರಸ್ತಿ. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಇಲ್ಲಿಯೇ ರೂಪುಗೊಂಡ ಎಚ್‌ಟಿ-೨ ತರಬೇತಿ ವಿಮಾನವು ೧೯೫೧ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಹಾರಿತು. ದುರಸ್ತಿಯ ಶಾಲೆ ಹೀಗೆ ರಚನೆಯ ಶಾಲೆಯಾಯಿತು. ೧೯೬೪ರಲ್ಲಿ ಮತ್ತೊಂದು ಸರ್ಕಾರಿ ಸಂಸ್ಥೆಯೊಡನೆ ವಿಲೀನವಾಗಿ ಕಂಪೆನಿಯು ಈಗಿನ ಹೆಸರನ್ನು ಪಡೆಯಿತು.

ಸಂಗ್ರಹಾಲಯದ ಬಯಲಿನಲ್ಲಿ ಎಚ್‌ಟಿ-೨, ಮಾರುತ್, ಕಿರಣ್, ಅಜೀತ್ ಮೊದಲಾದ ವಿಮಾನಗಳಿವೆ. ಒಳಗೆ ಒಂದು ಅಂಗಣದಲ್ಲಿ ೧೯೪೦ರಿಂದೀಚಿನ ಬೆಳವಣಿಗೆಯನ್ನು ದಶಕವಾರು ತೋರಿಸುವ ಛಾಯಾಚಿತ್ರಗಳಿವೆ, ಮತ್ತೊಂದರಲ್ಲಿ ಎಂಜಿನುಗಳಿವೆ. ನೋಡುಗರು ಬಹುಮಟ್ಟಿಗೆ ವಿಮಾನಗಳ ಮುಂದೆ ನಿಲ್ಲುತ್ತಾರೆ, ಎಂಜಿನುಗಳನ್ನು ದಾಟಿ ಹೋಗುತ್ತಾರೆ. ಇತಿಹಾಸದ ವಿದ್ಯಾರ್ಥಿಯಾದರೋ ಇವೆರಡನ್ನೂ ಒಟ್ಟಿಗೆ ಓದಬೇಕು.

ಮಾರುತ್ ಇದಕ್ಕೆ ಉತ್ತಮ ನಿದರ್ಶನ. ಜರ್ಮನಿಯ ಕುರ್ಟ್ ಟ್ಯಾಂಕರ ಮಾರ್ಗದರ್ಶನದಲ್ಲಿ ಬೆಂಗಳೂರಿನಲ್ಲಿ ರಚಿತವಾದ ಈ ಯುದ್ಧವಿಮಾನವು ೧೯೬೧ರ ಜೂನ್ ೧೭ರಂದು ಮೊದಲು ಹಾರಿತು. ಶಬ್ದವೇಗದ ಎರಡರಷ್ಟು ವೇಗವೇ ಅದರ ಗುರಿಯಾಗಿತ್ತು. ಆದರೆ ಅದಕ್ಕೆಂದು ಸಂಕಲ್ಪಿಸಿದ್ದ ಪ್ರಬಲ ಬ್ರಿಟಿಷ್ ಎಂಜಿನಿನ ಅಭಿವೃದ್ಧಿ ಹಣದ ಪ್ರಶ್ನೆಯಿಂದಾಗಿ ನಿಂತಿತು. ಅದೇ ಆರ್ಫಿಯಸ್ ವಂಶದ ಕಡಿಮೆ ಶಕ್ತಿಯ ಎರಡು ಎಂಜಿನುಗಳನ್ನು ಅಳವಡಿಸಬೇಕಾಯಿತು. ವಿಮಾನದ ವೇಗ ಶಬ್ದವೇಗದ ಆಸುಪಾಸಿನಲ್ಲಿಯೇ ಉಳಿಯಿತು. ೧೯೭೧ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲೆ ದಾಳಿ ಮಾಡಿ ಅದು ಹೆಸರು ಗಳಿಸಿತೆಂಬುದು ನಿಜ. ಆದರೂ ಮೊದಲ ಮಾದರಿಗಳೂ ಸೇರಿ ತಯಾರಾದುವು ೧೪೭ ಮಾತ್ರ. ೧೯೯೦ರಲ್ಲಿ ಅದು ಸೇವೆಯಿಂದ ನಿವೃತ್ತವಾಯಿತು. ಬಯಲಿನಲ್ಲಿ ನಿಂತ ಅದರ ನೀಳವಾದ ದೇಹವು ನಾವು ಏನನ್ನು ಬಯಸಿದೆವೆಂಬುದನ್ನು ಹೇಳಿದರೆ, ಅದರ ಎಂಜಿನು ನಮಗೆ ಏನು ದೊರೆಯಿತೆಂಬುದನ್ನು ಹೇಳುತ್ತದೆ.

ಉಳಿದ ವಿಮಾನಗಳೂ ಇದೇ ಸಾಕ್ಷ್ಯವನ್ನು ನುಡಿಯುತ್ತವೆ. ಎಚ್‌ಟಿ-೨ರ ಸಿರಸ್ ಮೇಜರ್, ೧೯೬೪ರಲ್ಲಿ ಹಾರಿದ ಕಿರಣದ ವೈಪರ್, ಬ್ರಿಟನ್ನಿನ ನ್ಯಾಟ್ ವಿಮಾನದಿಂದ ಮೂಡಿದ ಅಜೀತದ ಆರ್ಫಿಯಸ್, ಇವೆಲ್ಲ ಮೂಲತಃ ಬ್ರಿಟಿಷ್ ಎಂಜಿನುಗಳೇ. ಇತ್ತೀಚಿನ ತೇಜಸ್ ವಿಮಾನವೂ ಅಮೆರಿಕದ ಎಂಜಿನಿನಿಂದಲೇ ಸೇವೆಗೆ ಬಂದಿತು. ಚಾಲಕರಹಿತ ಲಕ್ಷ್ಯ ವಿಮಾನಕ್ಕೆ ಬೆಂಗಳೂರಿನಲ್ಲಿಯೇ ರೂಪಿಸಿದ ಚಿಕ್ಕ ಜೆಟ್ ಎಂಜಿನು ದೊರೆತುದು ಗಮನಾರ್ಹವಾದ ಅಪವಾದ. ಆದುದರಿಂದ ‘ಸ್ವದೇಶೀ ವಿಮಾನ’ ಎಂಬ ಮಾತನ್ನು ಬಳಸುವಾಗ ಅದರ ಯಾವ ಅಂಗ ಸ್ವದೇಶೀ ಎಂದು ಕೇಳುವುದು ಅಗತ್ಯ. ಇದು ನಮ್ಮ ಶಿಲ್ಪಿಗಳ ಸಾಧನೆಯನ್ನು ಕುಗ್ಗಿಸುವ ಪ್ರಶ್ನೆಯಲ್ಲ. ಅವರು ಎಂತಹ ಮಿತಿಗಳೊಳಗೆ ದುಡಿದರೆಂಬುದನ್ನು ತಿಳಿಯುವ ಮಾರ್ಗ.

ಒಂದು ಎಚ್ಚರಿಕೆಯೂ ಅವಶ್ಯಕ. ಬಿಸಿಲುಮಳೆಗಳಲ್ಲಿ ನಿಲ್ಲುವ ವಿಮಾನಕ್ಕೆ ಮತ್ತೆ ಮತ್ತೆ ಬಣ್ಣ ಬಳಿಯಬೇಕಾಗುತ್ತದೆ, ಭಾಗಗಳು ಬದಲಾಗಬಹುದು. ಪ್ರತಿಕಾರನ ಕೈ ಸೇರಿದ ಓಲೆಗರಿಯನ್ನು ಹೇಗೆ ಮೂಲದೊಡನೆ ಹೋಲಿಸಿ ನೋಡುವೆವೋ ಹಾಗೆಯೇ ವಿಮಾನದ ಮೈಮೇಲಿನ ಗುರುತುಗಳನ್ನೂ ಹಳೆಯ ಛಾಯಾಚಿತ್ರ, ಕಡತಗಳೊಡನೆ ಹೋಲಿಸಿ ನೋಡತಕ್ಕದ್ದು. ಇಂತಹ ಅಭ್ಯಾಸಕ್ಕೆ ಬೇಕಾದ ಸಾಮಗ್ರಿ ನಮ್ಮ ರಾಜಧಾನಿಯಲ್ಲಿಯೇ ಇದೆ. ಅಧ್ಯಾಪಕರು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ಎಂಜಿನುಗಳ ಅಂಗಣದಿಂದಲೇ ಪಾಠವನ್ನು ಆರಂಭಿಸುವುದು ಲೇಸು.