ಬಣ್ಣ ಕಾಣದ ಮ್ಯಾಸಿ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ಹಾದಿಯನ್ನು ಬಿಟ್ಟು ಹಿಪ್ಪುನೇರಳೆ ತೋಟಗಳ ನಡುವೆ ಒಳಹೊಕ್ಕರೆ ಸಿಗುವ ಒಂದು ಹಳ್ಳಿಯಲ್ಲಿ, ಹಿಂದೊಮ್ಮೆ ರೇಷ್ಮೆಹುಳು ಸಾಕಲು ಕಟ್ಟಿಸಿ ಈಗ ಮುರಿದ ಚಂದ್ರಿಕೆಗಳನ್ನು ಒಟ್ಟಿರುವ ಹಂಚಿನ ಮನೆಯೊಳಗೆ, ಐವತ್ತು ವರ್ಷಕ್ಕೂ ಮೀರಿದ ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರೊಂದು ಒಮ್ಮೆಯೂ ಮರುಬಣ್ಣ ಕಾಣದೆ ನಿಂತಿದೆಯೆಂದು ಮಿತ್ರರೊಬ್ಬರು ಹೇಳಿದಾಗ ನಾನು ನಂಬಲಿಲ್ಲ. ಏಕೆಂದರೆ ಆಯುಧಪೂಜೆಯ ಮುನ್ನಾದಿನ ಒಂದು ಡಬ್ಬಿ ಎನಾಮಲ್ ತಂದು ಬಾನೆಟ್ಟಿನಿಂದ ಚಕ್ರದವರೆಗೆ ಬಳಿದುಬಿಡದ ರೈತನು ನಮ್ಮ ಸೀಮೆಯಲ್ಲಿ ದುರ್ಲಭ.

ಆದರೆ ಮಾತು ನಿಜವಾಗಿತ್ತು. ಬಾನೆಟ್ಟಿನ ಕೆಂಪು ಬಿಸಿಲಿಗೆ ಬಾಡಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೂ ಎಂಜಿನ್ನು, ಗೇರುಪೆಟ್ಟಿಗೆಗಳ ಬೂದುಬಣ್ಣವು ಎಣ್ಣೆ ಧೂಳುಗಳ ಪದರದ ಅಡಿಯಲ್ಲಿ ಕಾರ್ಖಾನೆಯಿಂದ ಬಂದಂತೆಯೇ ಉಳಿದಿತ್ತು. ಬಲಗಾಲಿನ ಕಡೆ ಜೋಡಿಯಾಗಿರುವ ಎರಡು ಬ್ರೇಕ್ ಪೆಡಲುಗಳಲ್ಲಿ ಒಂದರ ಗೀರುಗಳು ಸವೆದು ನುಣುಪಾಗಿದ್ದವು, ಇನ್ನೊಂದರವು ಸ್ಪಷ್ಟವಾಗಿದ್ದವು. ಹಿಂದಿನ ಗಾಲಿಗಳನ್ನು ಬೇರೆಬೇರೆಯಾಗಿ ತಡೆಹಿಡಿದು ಬದುವಿನ ಪಕ್ಕದ ಇಕ್ಕಟ್ಟಿನಲ್ಲಿ ತಿರುಗಿಕೊಳ್ಳುವುದಕ್ಕಾಗಿಯೇ ಈ ಎರಡು ಪೆಡಲುಗಳ ಏರ್ಪಾಡು. ಆದುದರಿಂದ ಆ ಮನೆಯವರು ತಮ್ಮ ಹೊಲದ ಕೊನೆಯಲ್ಲಿ ಯಾವ ಮಗ್ಗುಲಿಗೆ ಹೊರಳುತ್ತಿದ್ದರೆಂಬುದನ್ನು ಆ ಸವೆತವೇ ಹೇಳುತ್ತದೆ. ಹಿಂಗಾಲಿಗಳ ರಿಮ್ಮಿನಲ್ಲಿ ಕೇಜ್ ವೀಲ್ ಬಿಗಿಯುತ್ತಿದ್ದ ಕಡೆ ಲೋಹ ಕೆರೆದುಹೋಗಿತ್ತು. ಸಾವಿರ ಅಡಿ ಕೊರೆದರೂ ನೀರು ಸಿಗುವುದು ಅನುಮಾನವಾಗಿರುವ ಈ ಊರಿನಲ್ಲಿ ಕೆಸರುಗದ್ದೆ ಉಳುವ ಕಬ್ಬಿಣದ ಗಾಲಿಗೇನು ಕೆಲಸವಿತ್ತು? ಕೆರೆ ತುಂಬಿ ಅಚ್ಚುಕಟ್ಟಿನಲ್ಲಿ ಬತ್ತ ಬೆಳೆಯುತ್ತಿದ್ದ ಕಾಲವೊಂದಿತ್ತೆಂಬುದಕ್ಕೆ ಆ ಗಾಯವೂ ಒಂದು ದಾಖಲೆ. ಹೊಸ ಬಣ್ಣ ಬಳಿಯುವವನು ಮೊದಲು ಮಾಡುವ ಕೆಲಸವೆಂದರೆ ಮರಳುಕಾಗದ ಹಿಡಿದು ಇವೆಲ್ಲವನ್ನೂ ಸಮತಟ್ಟು ಮಾಡುವುದು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಎಡಗಡೆಯ ಮಡ್‌ಗಾರ್ಡ್. ಟ್ರ್ಯಾಕ್ಟರಿಗೆ ಸಾಲ ಕೊಟ್ಟ ಬ್ಯಾಂಕು ತನ್ನ ಹೆಸರನ್ನು ವಾಹನದ ಮೇಲೆ ಬರೆಯಿಸುವ ಪದ್ಧತಿಯನ್ನು ಬಲ್ಲವರೆಲ್ಲ ಬಲ್ಲರು. ಇಲ್ಲಿಯೂ ಕೈಬರಹದ ಬಿಳಿಯ ಅಕ್ಷರಗಳಿದ್ದುವು. ‘ಭೂ ಅ’ ಎಂಬಷ್ಟು ಓದಲು ಬರುತ್ತಿತ್ತು, ಕೊನೆಯಲ್ಲಿ ‘ಬ್ಯಾಂಕು’ ಎಂಬುದೂ ಇತ್ತು, ನಡುವಿನದು ಮಾತ್ರ ತೊಡೆಗಳ ಉಜ್ಜಾಟಕ್ಕೆ ಅಳಿಸಿಹೋಗಿತ್ತು. ಈಗ ವಿಚಾರ ಹೀಗಿದೆ: ರೈತರಿಗೆ ದೀರ್ಘಾವಧಿ ಸಾಲ ಕೊಡುತ್ತಿದ್ದ ಸಹಕಾರಿ ಬ್ಯಾಂಕುಗಳಿಗೆ ಮೊದಲು ಭೂ ಅಡಮಾನ ಬ್ಯಾಂಕೆಂದು ಹೆಸರಿದ್ದು ಕಾಲಕ್ರಮದಲ್ಲಿ ಅದು ಭೂ ಅಭಿವೃದ್ಧಿ ಬ್ಯಾಂಕಾಯಿತು. ಎರಡೂ ‘ಅ’ಕಾರದಿಂದಲೇ ಆರಂಭ, ಎರಡಕ್ಕೂ ನಾಲ್ಕೇ ಅಕ್ಷರ, ಆದುದರಿಂದ ಅಳಿದ ಜಾಗದ ಅಗಲವನ್ನು ಅಳೆದು ಪ್ರಯೋಜನವಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ನೋಡುತ್ತ ನೋಡುತ್ತ, ಸಾಲಿನ ಕೆಳಗಡೆ ಒಂದು ಸಣ್ಣ ಬಿಳಿಯ ಸುರುಳಿಯೂ ಅದರಾಚೆ ಒತ್ತಕ್ಷರದ ಅರ್ಧ ಹೊಟ್ಟೆಯೂ ಕಾಣಿಸಿದುವು. ‘ಅಡಮಾನ’ಕ್ಕೆ ವಟ್ರಸುಳಿ ಎಲ್ಲಿಂದ ಬರಬೇಕು? ಅಭಿವೃದ್ಧಿಯೇ ಸರಿ! ಜೊತೆಗೆ ಬಂದಿದ್ದ ಮಿತ್ರರು ಅಷ್ಟು ಹೊತ್ತಿಗೆ ಹೊರಗೆ ಹೋಗಿ ಸೀಬೆಹಣ್ಣು ತಿನ್ನುತ್ತಿದ್ದರೆಂಬುದನ್ನೂ ಹೇಳಬೇಕು. ಆದರೂ ಕನ್ನಡ ಬೋರ್ಡು ಬರೆಯುವ ಅನಾಮಧೇಯನೊಬ್ಬನ ಕುಂಚದ ತಿರುವಿನಿಂದ ಒಂದು ಯಂತ್ರದ ಕಾಲವನ್ನು ಊಹಿಸುವ ಸುಖವು ಸ್ಟಿಕ್ಕರುಗಳ ಈ ಯುಗದಲ್ಲಿ ಅಲ್ಪವಾದುದಲ್ಲ.

ಯಂತ್ರದ ವಂಶಾವಳಿ ಓದುಗರಿಗೆ ತಿಳಿದದ್ದೇ. ಐರ್ಲೆಂಡಿನ ಹ್ಯಾರಿ ಫರ್ಗುಸನ್ನನು ನೇಗಿಲನ್ನು ಮೂರು ಕೊಂಡಿಗಳಿಂದ ಟ್ರ್ಯಾಕ್ಟರಿಗೇ ಜೋಡಿಸಿ ಹೈಡ್ರಾಲಿಕ್ ಬಲದಿಂದ ಎತ್ತಿಳಿಸುವ ಕ್ರಮವನ್ನು ರೂಢಿಗೆ ತಂದನು. 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಅವನ ಬೂದುಬಣ್ಣದ ಗಾಡಿಗಳು ಐದು ಲಕ್ಷಕ್ಕೂ ಮೇಲ್ಪಟ್ಟು ತಯಾರಾದುವು. 1953ರಲ್ಲಿ ಅವನ ಸಂಸ್ಥೆ ಕೆನಡಾದ ಮ್ಯಾಸಿ ಹ್ಯಾರಿಸ್‌ನೊಡನೆ ಕೂಡಿಕೊಂಡಿತು. 1960ರಲ್ಲಿ ಮದರಾಸಿನಲ್ಲಿ ಹುಟ್ಟಿದ ಟ್ಯಾಫೆ ಕಂಪನಿ ಮ್ಯಾಸಿ ಫರ್ಗುಸನ್ ಗಾಡಿಯನ್ನು ನಮ್ಮ ಹೊಲಗಳಿಗಿಳಿಸಿತು.

ಹಳೆಯದನ್ನು ಹಳೆಯದಾಗಿಯೇ ಬಿಡಬೇಕೆಂಬುದು ನಮಗೆ ಸಹಜವಾಗಿ ಒಗ್ಗುವ ಭಾವನೆಯಲ್ಲ. ಜೀರ್ಣೋದ್ಧಾರವು ನಮ್ಮಲ್ಲಿ ಪುಣ್ಯಕಾರ್ಯ; ಊರ ಗುಡಿಯ ಕಲ್ಲುಕಂಬಕ್ಕೆ ಬಣ್ಣ ಬಳಿದವನ ಹೆಸರು ಶಿಲಾಫಲಕದಲ್ಲಿ ಇರುತ್ತದೆ, ಬಳಿಯದೆ ಬಿಟ್ಟವನದು ಇರುವುದಿಲ್ಲ. ಪಶ್ಚಿಮದಲ್ಲಿಯೂ ಈ ವಿವೇಕ ಜಗಳದಿಂದಲೇ ಬಂದುದು. ಪುರಾತನ ಕಟ್ಟಡಗಳನ್ನು ‘ಸರಿಪಡಿಸುವ’ ಉತ್ಸಾಹಿಗಳಿಂದ ಕಾಪಾಡುವುದಕ್ಕೆಂದೇ ವಿಲಿಯಂ ಮಾರಿಸ್ 1877ರಲ್ಲಿ ಸಂಘ ಕಟ್ಟಬೇಕಾಯಿತು. ವಸ್ತುವಿನ ಮೇಲೆ ಕಾಲವು ಮೂಡಿಸಿದ ಗುರುತುಗಳಿಗೇ ಪ್ರತ್ಯೇಕವಾದ ಬೆಲೆಯುಂಟೆಂದು ವಿಯೆನ್ನಾದ ಅಲೋಯಿಸ್ ರೀಗಲ್ 1903ರಲ್ಲಿ ವಾದಿಸಿದನು. ನಮ್ಮ ಕೇಂದ್ರ ಸಾರಿಗೆ ಸಚಿವಾಲಯವೂ 2021ರ ಜುಲೈಯಲ್ಲಿ ಹೊರಡಿಸಿದ ನಿಯಮದಲ್ಲಿ, ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದ, ಎಂಜಿನ್ನು ಚಾಸಿಗಳಲ್ಲಿ ದೊಡ್ಡ ಮಾರ್ಪಾಡು ಹೊಂದದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ಗೌರವವನ್ನಿತ್ತಿದೆ. ಆದರೆ ಆ ಗೌರವ ದ್ವಿಚಕ್ರಗಳಿಗೂ ಪ್ರಯಾಣಿಕರ ಕಾರುಗಳಿಗೂ ಮಾತ್ರ. ಆ ಕಾರುಗಳಲ್ಲಿ ಕೂತವರ ಅನ್ನವನ್ನು ಬೆಳೆದ ಟ್ರ್ಯಾಕ್ಟರಿಗೆ ಅದರಲ್ಲಿ ಸ್ಥಳವಿಲ್ಲ.

ಚಿಕ್ಕಬಳ್ಳಾಪುರದ ಗ್ಯಾರೇಜಿನಲ್ಲಿ ಇದೇ ಜಾತಿಯ ಗಾಡಿಯೊಂದಕ್ಕೆ ಹೊಸ ತಗಡು, ಹೊಸ ಸ್ಟಿಕ್ಕರು, ಕನ್ನಡಿಯಂಥ ಕೆಂಪು ಮಾಡಿಸಿದ್ದುದನ್ನು ನೋಡಿದ್ದೇನೆ. ಚೆಲುವಾಗಿತ್ತು. ಅದು ಗೌರಿಬಿದನೂರಿನ ಕಬ್ಬು ಹೊತ್ತಿತ್ತೋ ಚಿಂತಾಮಣಿಯ ಟೊಮೆಟೊ ಹೊತ್ತಿತ್ತೋ ಹೇಳುವ ಒಂದು ಗೀರೂ ಉಳಿದಿರಲಿಲ್ಲ. ಹಾಗೆಂದು ತುಕ್ಕಿನ ಆರಾಧಕರ ಪಂಗಡಕ್ಕೆ ನಾನು ಸೇರಿದವನಲ್ಲ. ಬೇಕೆಂದೇ ತುಕ್ಕು ಹಿಡಿಸಿ ಹಳೆಯದೆಂದು ಮೆರೆಸುವ ಶೋಕಿಯೂ ಈಗ ಉಂಟಷ್ಟೆ, ಅದು ಬಣ್ಣಕ್ಕಿಂತ ಕೀಳಾದ ಸುಳ್ಳು.

ಮನೆಯ ಯಜಮಾನರಿಗೆ ಇಷ್ಟು ದಿನ ಬಣ್ಣ ಹಚ್ಚದ ಕಾರಣ ಕೇಳಿದೆ. “ನಮ್ಮಪ್ಪ ಡೀಸೆಲ್‌ಗೇ ದುಡ್ಡು ಬಿಚ್ತಿರ್ಲಿಲ್ಲ ಸ್ವಾಮಿ, ಇನ್ನು ಬಣ್ಣಕ್ಕೆ ಬಿಚ್ತಾರಾ?” ಎಂದರು. ವಿಲಿಯಂ ಮಾರಿಸ್‌ಗಿಂತ ಹಿಡಿತದ ಕೈಯವರೇ ಪುರಾತನ ವಸ್ತುಗಳನ್ನು ಹೆಚ್ಚಾಗಿ ಉಳಿಸಿದ್ದಾರೆಂಬ ನನ್ನ ಬಹುಕಾಲದ ಸಂಶಯ ಅಂದು ದೃಢವಾಯಿತು.

ಅವರ ಮಗನಿಗೆ ಮಾತ್ರ ಮುಂಬರುವ ತಂಗಿಯ ಮದುವೆಗೆ ಗಾಡಿಯನ್ನು ಮಿರುಗಿಸಬೇಕೆಂಬ ಆಸೆ. ಟೈರು, ಬ್ಯಾಟರಿ, ಹೋಸು, ಆಯಿಲ್ ಸೀಲುಗಳು ಸವೆಯುವುದಕ್ಕೆಂದೇ ಇರುವಂಥವು, ಅವನ್ನು ಧಾರಾಳವಾಗಿ ಬದಲಿಸು, ತಗಡಿಗೆ ತೆಳುವಾಗಿ ಎಣ್ಣೆ ಸವರಿ ಮಳೆ ತಾಗದಂತೆ ನೋಡಿಕೊ, ಬಣ್ಣದ ಗೋಜಿಗೆ ಹೋಗಬೇಡವೆಂದು ನಾನು ಬೋಧಿಸಿದುದನ್ನೆಲ್ಲ ಆ ಯುವಕ ವಿನಯದಿಂದಲೇ ಕೇಳಿ, ಕೊನೆಗೆ ಮಡ್‌ಗಾರ್ಡಿನತ್ತ ಕೈತೋರಿಸಿದ: “ಎಲ್ಲಾ ಸರಿ ಸಾರ್, ಸಾಲ ತೀರಿ ನಾನು ಹುಟ್ಟೋಕ್ಮುಂಚೇನೇ ಆಯ್ತು. ಬೀಗರ ಮುಂದೆ ಇನ್ನೂ ಬ್ಯಾಂಕಿನ ಹೆಸರು ಹೊತ್ಕೊಂಡು ನಿಲ್ಲಬೇಕಾ?” ಇದಕ್ಕೆ ರೀಗಲ್‌ನ ಗ್ರಂಥದಲ್ಲಿ ಉತ್ತರವಿರುವಂತೆ ನನಗೆ ತೋರಲಿಲ್ಲ. ಮದುವೆಯ ದಿನ ಆ ಜಾಗಕ್ಕೆ ಬಾಳೆಕಂದು ಕಟ್ಟಿ ಮರೆಮಾಡಿದರಾಯಿತೆಂದು ಯಜಮಾನರು ತೀರ್ಪಿತ್ತರು. ಮಗನು ಒಪ್ಪಿದಂತೆ ಕಾಣಲಿಲ್ಲ.