ಹಕ್ಕಿಜ್ವರ: ಜೀವಕೋಶದ ಏರಿ ಒಡೆಯುವ ವೈರಸ್

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌, ರಾಜಾಜಿನಗರದಂತಹ ಬಡಾವಣೆಗಳ ಮೊಟ್ಟೆ, ಮಾಂಸದ ಬೇಡಿಕೆಯೇ ಸುತ್ತಲಿನ ಅನೇಕ ಕೋಳಿ ಸಾಕಣೆದಾರರಿಗೆ ಆಧಾರ. 2012ರ ಅಕ್ಟೋಬರ್‌ನಲ್ಲಿ ನಗರದ ಹೊರವಲಯದ ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ಸತ್ತು, ಎಚ್5ಎನ್1 ಹಕ್ಕಿಜ್ವರ ದೃಢಪಟ್ಟಿತು. 2020ರ ಮಾರ್ಚ್‌ನಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ರೋಗ ಮತ್ತೆ ಕಂಡುಬಂದಿತು. ರೋಗ ತಗಲಿದ ಕೋಳಿಯನ್ನು ಔಷಧದಿಂದ ಏಕೆ ಉಳಿಸಲಾಗದು ಎಂದು ರೈತರು ಕೇಳುವುದು ಸಹಜ. ಉತ್ತರ ಜೀವಕೋಶದೊಳಗಿದೆ.

ಏರಿ ಮತ್ತು ತೂಬು

ಜೀವಕೋಶಕ್ಕೆ ಬೇಕಾದ ಶಕ್ತಿಯ ಬಹುಭಾಗವನ್ನು ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಅಂಗಗಳು ಒದಗಿಸುತ್ತವೆ. ಇವುಗಳ ಒಳಪೊರೆಯನ್ನು ಕೆರೆಯ ಏರಿಗೆ ಹೋಲಿಸಬಹುದು. ಪೊರೆಯ ಒಂದು ಬದಿಯಲ್ಲಿ ವಿದ್ಯುದಂಶವುಳ್ಳ ಕಣಗಳು ನೀರಿನಂತೆ ಸಂಗ್ರಹವಾಗಿ, ತೂಬಿನಂತಹ ದಾರಿಯಲ್ಲಿ ಹರಿಯುವಾಗ ಶಕ್ತಿ ಉತ್ಪತ್ತಿಯಾಗುತ್ತದೆ. ಏರಿ ಸೋರಿದರೆ ತೂಬಿದ್ದೂ ಪ್ರಯೋಜನವಿಲ್ಲ.

ವೈರಸ್ಸಿನ ಕೈವಾಡ

ಈ ಜಾತಿಯ ವೈರಸ್ಸುಗಳಲ್ಲಿ ಪಿಬಿ1-ಎಫ್2 ಎಂಬ ಸಣ್ಣ ಪ್ರೋಟೀನನ್ನು ವಿಜ್ಞಾನಿಗಳು 2001ರಲ್ಲಿ ಗುರುತಿಸಿದರು. ಇದು ಮೈಟೊಕಾಂಡ್ರಿಯದ ಪೊರೆಗೆ ಸೇರಿ ಅದನ್ನು ಸೋರುವಂತೆ ಮಾಡುತ್ತದೆ. ಶಕ್ತಿಯ ಉತ್ಪಾದನೆ ಕುಗ್ಗುತ್ತದೆ. ಒಳಗಿನ ಸೈಟೊಕ್ರೋಮ್-ಸಿ ಹೊರಬಂದು ಕೋಶ ತನ್ನನ್ನು ತಾನೇ ಕೊಂದುಕೊಳ್ಳುವ ಕ್ರಿಯೆ ಆರಂಭವಾಗುತ್ತದೆ. ರೋಗದೊಡನೆ ಹೋರಾಡಬೇಕಾದ ರಕ್ತಕೋಶಗಳೂ ಹೀಗೆ ಸಾಯುತ್ತವೆ. ಈ ಪ್ರೋಟೀನಿನ 66ನೆಯ ಸ್ಥಾನದ ಒಂದೇ ಬದಲಾವಣೆಯಿಂದ ಇಲಿಗಳಲ್ಲಿ ರೋಗ ಉಲ್ಬಣಿಸಿತೆಂದು 2007ರಲ್ಲಿ ತಿಳಿದುಬಂದಿತು. 1918ರ ಮಹಾಮಾರಿಯ ವೈರಸ್ಸಿನಲ್ಲಿಯೂ ಈ ಬದಲಾವಣೆ ಇತ್ತು.

ಹಕ್ಕಿಜ್ವರದ ಉಗ್ರತೆಗೆ ಈ ಪ್ರೋಟೀನೊಂದೇ ಕಾರಣವಲ್ಲ. ವೈರಸ್ಸಿನ ಹೊರಮೈಯ ಮತ್ತೊಂದು ಪ್ರೋಟೀನು ಅದನ್ನು ಎಲ್ಲ ಅಂಗಗಳಿಗೂ ಹರಡಿಸುತ್ತದೆ. ಆದ್ದರಿಂದಲೇ ಜುಟ್ಟು ನೀಲಿಗಟ್ಟಿ, ತಲೆ ಊದಿದ ಹಕ್ಕಿ ಬದುಕುವುದು ಅಪರೂಪ. ಆಂಟಿಬಯಾಟಿಕ್ ಔಷಧಗಳು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತವೆಯೇ ಹೊರತು ವೈರಸ್ಸನ್ನಲ್ಲ. ಒಡೆದ ಪೊರೆಯನ್ನಂತೂ ಅವು ಕೂಡಿಸಲಾರವು.

ರೈತರು ಮಾಡಬೇಕಾದುದೇನು?

1. ಕಾಡುಹಕ್ಕಿ, ಬಾತುಗಳು ಕೋಳಿಮನೆಯ ಮೇವು, ನೀರನ್ನು ಮುಟ್ಟದಂತೆ ಬಲೆ ಕಟ್ಟಿರಿ.

2. ಕೋಳಿಮನೆಗೆ ಹೋಗುವಾಗ, ಬರುವಾಗ ಕೈಗಳನ್ನೂ ಪಾದರಕ್ಷೆಯನ್ನೂ ಸಾಬೂನಿನಿಂದ ತೊಳೆಯಿರಿ. ವೈರಸ್ಸಿಗೂ ಕೊಬ್ಬಿನ ಹೊರಪೊರೆಯಿದೆ. ಸಾಬೂನು ಅದನ್ನು ಕರಗಿಸುತ್ತದೆ. ಅದು ಒಡ್ಡುವ ಪೆಟ್ಟನ್ನೇ ನಾವು ಅದಕ್ಕೆ ಮೊದಲು ಒಡ್ಡಬಹುದು.

3. ಹಠಾತ್ತನೆ ಹೆಚ್ಚು ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿರಿ, ಉಳಿದವನ್ನು ಮಾರಬೇಡಿರಿ. ಈ ರೋಗ ಮನುಷ್ಯರಿಗೂ ತಗಲಬಹುದು. ಕೂಡಲೇ ಪಶುವೈದ್ಯರಿಗೆ ತಿಳಿಸಿರಿ. ಮಾದರಿಗಳ ಅಂತಿಮ ಪರೀಕ್ಷೆ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ನಡೆಯುತ್ತದೆ.

4. ರೋಗ ನಿಯಂತ್ರಣಕ್ಕಾಗಿ ಸರ್ಕಾರ ಕೊಲ್ಲಿಸುವ ಹಕ್ಕಿಗಳಿಗೆ ಪರಿಹಾರವುಂಟು. ರೋಗ ಮುಚ್ಚಿಟ್ಟವರಿಗೆ ಹಕ್ಕಿಯೂ ಉಳಿಯದು, ಹಣವೂ ಬಾರದು. ನೆರೆಯವರ ಕೋಳಿಗಳೂ ಬಲಿಯಾಗುತ್ತವೆ.

5. ಮಾಂಸ, ಮೊಟ್ಟೆಗಳನ್ನು ಒಳಗೆಲ್ಲ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿದರೆ ವೈರಸ್ ನಾಶವಾಗುತ್ತದೆ. ಇದನ್ನು ಗಿರಾಕಿಗಳಿಗೂ ತಿಳಿಸಿರಿ.

ಏರಿ ಒಡೆದ ಮೇಲೆ ಮಣ್ಣು ಹೊರುವುದಕ್ಕಿಂತ, ಒಡೆಯದಂತೆ ಕಾಯುವುದೇ ಲಾಭದಾಯಕ.