ಕೆರೆಯ ರಕ್ಷಣೆಯಲ್ಲಿ ಗ್ರಾಮಸ್ಥರ ಒಗ್ಗಟ್ಟು

ಮಳೆಯು ವರ್ಷದಲ್ಲಿ ಕೆಲವೇ ತಿಂಗಳು ಬೀಳುವ ಬಯಲುಸೀಮೆಯಲ್ಲಿ ಬೇಸಾಯಕ್ಕೆ ಕೆರೆಯೇ ಪುರಾತನವಾದ ಆಧಾರವು. ಕರ್ನಾಟಕದಲ್ಲಿ ಸುಮಾರು 36,000 ಕೆರೆಗಳಿರುತ್ತವೆ. ಕೆರೆಯನ್ನು ಒಬ್ಬನೇ ಕಟ್ಟಿಸಬಹುದು. ಆದರೆ ಒಬ್ಬನೇ ಕಾಪಾಡಲಾರನು. ಮೇಲಿನ ಹೊಲದಿಂದ ಕೊಚ್ಚಿ ಬಂದ ಮಣ್ಣು ಕೆರೆಯಲ್ಲಿ ಹೂಳಾಗಿ ನಿಲ್ಲುವುದು. ತೂಬಿನ ಬಳಿಯವನು ಮಿತಿಮೀರಿ ನೀರು ಹಾಯಿಸಿದರೆ ಕೊನೆಯ ಗದ್ದೆಯು ಒಣಗುವುದು.

ಈ ಕಾರಣದಿಂದಲೇ ಹಿರಿಯರು ಕೆರೆಗೆ ಕಟ್ಟುಪಾಡುಗಳನ್ನು ಏರ್ಪಡಿಸಿದ್ದರು. ಕೆರೆಯ ದುರಸ್ತಿಗಾಗಿ ಬಿಟ್ಟ ಬಿತ್ತುವಟ್ಟವನ್ನು ಶಾಸನಗಳು ಹೇಳುತ್ತವೆ. ತೂಬನ್ನು ತೆಗೆದು ಮುಚ್ಚುವುದು ನೀರಗಂಟಿಯ ಕೆಲಸವಾಗಿತ್ತು. ಹಲವೆಡೆ ಅಚ್ಚುಕಟ್ಟಿನಲ್ಲಿ ಸ್ವಂತ ಜಮೀನಿಲ್ಲದವನೇ ನೀರಗಂಟಿಯಾಗಿದ್ದುದರಿಂದ ಹಂಚಿಕೆಯಲ್ಲಿ ಪಕ್ಷಪಾತಕ್ಕೆ ಆಸ್ಪದವು ಕಡಮೆಯಾಗಿತ್ತು. ಮೈಸೂರು ಸಂಸ್ಥಾನದಲ್ಲಿ 1911 ರಲ್ಲಿ ಕೆರೆ ಪಂಚಾಯಿತಿ ರೆಗ್ಯುಲೇಷನ್ನೂ ಜಾರಿಗೆ ಬಂದಿತು.

1961 ರ ಕಾನೂನಿನಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದುವು. ಕೆಲವು ಊರುಗಳಲ್ಲಿ ರೈತರೇ ಕಾಳು ಕೊಟ್ಟು ನೀರಗಂಟಿಯನ್ನು ಉಳಿಸಿಕೊಂಡರು. ಉಳಿದೆಡೆ ಕೆರೆಯು ಸರ್ಕಾರದ್ದೆಂಬ ಉದಾಸೀನವು ಬೆಳೆಯಿತು. ಕೊಳವೆಬಾವಿಯುಳ್ಳ ಜಮೀನುದಾರರು ಕೆರೆಯ ಗೊಡವೆಯನ್ನೇ ಬಿಟ್ಟರು. ಆದರೆ ಕೆರೆಯಲ್ಲಿ ನಿಂತ ನೀರು ನೆಲಕ್ಕಿಳಿದು ಸುತ್ತಲಿನ ಬಾವಿಗಳಿಗೆ ಒದಗುವುದರಿಂದ, ಕೆರೆಯು ಬತ್ತಿದರೆ ಅವರಿಗೂ ನಷ್ಟವು ತಪ್ಪದು.

ವಿಶ್ವಬ್ಯಾಂಕಿನ ನೆರವಿನಿಂದ 2002 ರಲ್ಲಿ ಆರಂಭವಾದ ಯೋಜನೆಯಲ್ಲಿ ಕೆರೆ ಬಳಕೆದಾರರ ಸಂಘಗಳು ಏರ್ಪಟ್ಟುವು. ಅಚ್ಚುಕಟ್ಟಿನ ರೈತರಲ್ಲದೆ ಮೀನುಗಾರರು, ಹೆಂಗಸರು, ಜಮೀನಿಲ್ಲದವರು ಸಹ ಇವುಗಳಲ್ಲಿ ಸೇರಬೇಕೆಂಬುದು ಉದ್ದೇಶವಾಗಿತ್ತು. ನಿರ್ಣಯದಲ್ಲಿ ಪಾಲಿಲ್ಲದವನು ಕೆಲಸಕ್ಕೂ ಬಾರನಷ್ಟೆ.

ಗ್ರಾಮಮುಖಂಡರು ಅನುಸರಿಸತಕ್ಕ ಕ್ರಮಗಳು:

1. ಬಿತ್ತನೆಗೆ ಮೊದಲು ಸಭೆ ಸೇರಿಸಿ, ಕೆರೆಯಲ್ಲಿರುವ ನೀರನ್ನು ನೋಡಿ ಬೆಳೆಯನ್ನೂ ಹಾಯಿಸುವ ಸರದಿಯನ್ನೂ ನಿಶ್ಚಯಿಸತಕ್ಕದ್ದು. ನೀರು ಸಾಲದ ವರ್ಷ ಬತ್ತವನ್ನು ಬಿಟ್ಟು ರಾಗಿ ಮೊದಲಾದುವನ್ನು ಬೆಳೆಯುವುದು ಲೇಸು.

2. ನೀರು ಕಡಮೆಯಾದಾಗ ಕೊರತೆಯನ್ನು ಎಲ್ಲರೂ ಜಮೀನಿನ ಪ್ರಮಾಣಕ್ಕನುಸಾರವಾಗಿ ಹಂಚಿಕೊಳ್ಳತಕ್ಕದ್ದು.

3. ಬೇಸಗೆಯಲ್ಲಿ ಅಧಿಕಾರಿಗಳ ಅನುಮತಿ ಪಡೆದು ಹೂಳೆತ್ತತಕ್ಕದ್ದು. ಕೆರೆಗೋಡು ಮರಳು ನೆಲದ ಹೊಲಕ್ಕೆ ಒಳ್ಳೆಯದು. ಏರಿಯ ಬುಡವನ್ನು ಮಾತ್ರ ಅಗೆಯಕೂಡದು.

4. ನೀರು ಬರುವ ಕಾಲುವೆಗಳ ಹಾಗೂ ಕೆರೆಯಂಗಳದ ಒತ್ತುವರಿಯನ್ನು ಮುಖಂಡರು ಮೊದಲು ತಮ್ಮ ಕಡೆಯಿಂದಲೇ ತೆರವು ಮಾಡತಕ್ಕದ್ದು.

5. ಮೇಲುಭಾಗದ ಹೊಲಗಳಲ್ಲಿ ಬದುಗಳನ್ನು ಹಾಕಿಸತಕ್ಕದ್ದು. ಆ ರೈತರಿಗೆ ಕೆರೆಯ ನೀರು ದೊರೆಯದಿದ್ದರೂ ಹೊಲದ ಮೇಲ್ಮಣ್ಣು ಉಳಿಯುವುದು.

40 ಹೆಕ್ಟೇರಿಗೆ ಕಡಮೆ ಅಚ್ಚುಕಟ್ಟಿರುವ ಕೆರೆಗಳು ಪಂಚಾಯಿತಿಗಳಿಗೂ, ಅದಕ್ಕೆ ಮೇಲ್ಪಟ್ಟುವು ಸಣ್ಣ ನೀರಾವರಿ ಇಲಾಖೆಗೂ ಸೇರಿರುತ್ತವೆ. ಇಲಾಖೆಯು ತೂಬನ್ನು ದುರಸ್ತಿಮಾಡಿಸಬಲ್ಲುದು. ರಾತ್ರಿ ಕಳ್ಳತನದಿಂದ ತೂಬೆತ್ತುವುದನ್ನು ತಡೆಯುವುದು ಊರಿನವರಿಂದಲೇ ಸಾಧ್ಯ. ಆದಕಾರಣ ಮುಖಂಡರು ಮುಂಗಾರಿಗೆ ಮೊದಲೇ ಈ ಕಾರ್ಯದಲ್ಲಿ ಉದ್ಯುಕ್ತರಾಗುವುದು ಶ್ರೇಯಸ್ಕರವು.